ಹಿತ್ತಲವರೆಗೆ ತಲುಪುವ ರೂಟರು

ಜೂನ್ ೪

ತಮ್ಮಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ‘ಚೆನ್ನಾಗಿದ್ದೇನೆ’ ಎಂದು ಒಂದು ಸಾಲು ಗೀಚಿ ಮುಗಿಸುತ್ತೀಯ. ಅದಕ್ಕೇ ಈ ಸಲ ನಿನಗೊಂದು ಕೆಲಸ ಕೊಡುತ್ತಿದ್ದೇನೆ. ಕೆಲಸ ಕೊಟ್ಟರೆ ನೀನು ಪುಟಗಟ್ಟಲೆ ಬರೆಯುವವನು.

ಮನೆಗೆ ಒಂದು ರೂಟರು ಬೇಕು. ಈಗಿರುವುದು ಇಂಟರ್ನೆಟ್ ಕಂಪನಿಯವರು ಪುಕ್ಕಟೆ ಕೊಟ್ಟುಹೋದ ಡಬ್ಬಿ. ಮುಂದಿನ ಕೋಣೆಯ ಗೋಡೆಗೆ ನೇತುಬಿದ್ದಿದೆ. ಆ ಕೋಣೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಪಡಸಾಲೆ ದಾಟಿ ಅಡುಗೆಮನೆಗೆ ಬಂದರೆ ಏದುಸಿರು ಬಿಡುತ್ತದೆ. ಅಂಗಳ ದಾಟಿ ಹಿತ್ತಲಲ್ಲಿರುವ ನನ್ನ ಹೊಲಿಗೆ ಅಂಗಡಿಗಂತೂ ತಲುಪುವುದೇ ಇಲ್ಲ. ಇಷ್ಟು ದಿನ ಅದರಿಂದ ತೊಂದರೆಯೇನೂ ಇರಲಿಲ್ಲ. ಈಗ ಇದೆ.

ನಿನ್ನ ಭಾವನಿಗೆ ಆಸ್ಪತ್ರೆಯವರು ಒಂದು ಯಂತ್ರವನ್ನು ಎರವಲು ಕೊಟ್ಟಿದ್ದಾರೆ. ಪರದೆಯ ಮೇಲೆ ಅಕ್ಷರಗಳಿರುತ್ತವೆ. ಯಾವುದನ್ನು ದಿಟ್ಟಿಸಿ ನೋಡಿದರೆ ಅದನ್ನು ಬರೆದುಕೊಳ್ಳುತ್ತದೆ. ಹಾಗೆ ಕಣ್ಣಲ್ಲೇ ಬರೆದ ಮಾತು ನನ್ನ ಫೋನಿಗೆ ಬರುತ್ತದೆ. ಬರಬೇಕು. ಕರೆದರೆ ಕೇಳಿಸುವ ಹೆಂಡತಿಯಾಗಿದ್ದರೆ ಹಾಸಿಗೆ ಪಕ್ಕದಲ್ಲಿ ಒಂದು ಗಂಟೆ ಇಟ್ಟರೆ ಸಾಕಿತ್ತು. ಕಿವುಡಿಯ ಮನೆಯಲ್ಲಿ ಗಂಟೆ ಬಾರಿಸಿ ಏನು ಪ್ರಯೋಜನ? ಇಷ್ಟು ವರ್ಷ ಅವರ ತುಟಿ ಓದಿಕೊಂಡೇ ಸಂಸಾರ ಮಾಡಿದವಳು ನಾನು. ಈಗ ತುಟಿಯ ಅಕ್ಷರ ಸ್ವಲ್ಪ ಕಲಸಿಹೋಗಿದೆ. ಅಷ್ಟೇ, ಮತ್ತೇನಿಲ್ಲ.

ಮಹಡಿಯ ಮೇಲೆ ಬಾಡಿಗೆಗಿರುವ ಪಿಟೀಲು ಮೇಷ್ಟ್ರು ನಿನಗೆ ನೆನಪಿರಬೇಕು. ಈ ಬೀದಿಯಲ್ಲಿ ಅವರಿಗೆ ಮನೆ ಕೊಡಲು ನನ್ನೊಬ್ಬಳಿಗೆ ಮಾತ್ರ ಸಾಧ್ಯ ಎಂದು ನಿನ್ನ ಭಾವ ನಗುತ್ತಿದ್ದರು. ಅವರೀಗ ದೂರದೂರಿನ ಮಕ್ಕಳಿಗೆ ಕಂಪ್ಯೂಟರಿನಲ್ಲೇ ಪಾಠ ಹೇಳುತ್ತಾರೆ. ಪಾಠ ಶುರುವಾದರೆ ಇಡೀ ಮನೆಯ ಇಂಟರ್ನೆಟ್ ಅವರ ಕಮಾನಿಗೆ ಸಿಕ್ಕಿಕೊಳ್ಳುತ್ತದೆ. ಅದರ ಜೊತೆಗೆ ಬೀದಿ ಬಾಗಿಲಿನ ಕ್ಯಾಮರಾ, ವಾರಕ್ಕೊಮ್ಮೆ ಡಾಕ್ಟರು ಪರದೆಯಲ್ಲಿ ಬಂದು ನೋಡುವುದು. ಎಲ್ಲಕ್ಕೂ ಒಂದೇ ಬಡ ಡಬ್ಬಿ.

ಪೇಟೆಯ ಅಂಗಡಿಯವನು ಎಂಟು ಕೊಂಬಿನ ಒಂದನ್ನು ತೋರಿಸಿದ. ಮಲಗಿರುವ ಜೇಡದ ಹಾಗಿತ್ತು. ಅದರ ಬೆಲೆ ಕೇಳಿದ ಮೇಲೆ ಅದನ್ನು ಮುಟ್ಟಲೂ ಹೆದರಿಕೆಯಾಯಿತು. ನಮ್ಮ ಕೈಗೆಟುಕುವಂಥದ್ದು, ಹಿತ್ತಲವರೆಗೂ ತಲುಪುವಂಥದ್ದು ಯಾವುದು ಹೇಳು. ಇಷ್ಟೇ ಕೆಲಸ.

ನಿನ್ನ,
ಅಕ್ಕ


ಜೂನ್ ೧೩

ಅಕ್ಕಾ,

ಕೆಲಸ ಹೇಳಿದ್ದು ಸರಿಯಾದವನಿಗೇ, ಆದರೆ ಸರಿಯಾದ ಜಾಗದಲ್ಲಲ್ಲ. ಇಲ್ಲಿ ನನ್ನ ಉದ್ಯೋಗವೇ ವೈಫೈಯನ್ನು ಹುಡುಕಿ ಓಡಿಸುವುದು. ಆಕಾಶದ ಕಡೆ ಬಾಯಿ ತೆರೆದು ಕೂತಿರುವ ನಮ್ಮ ಈ ರೇಡಿಯೋ ದೂರದರ್ಶಕದ ದೊಡ್ಡ ತಟ್ಟೆ ಎಲ್ಲೋ ದೂರದ ನಕ್ಷತ್ರದ ಪಿಸುಮಾತು ಕೇಳಿಸಿಕೊಳ್ಳುತ್ತಿರುತ್ತದೆ. ಪಕ್ಕದಲ್ಲಿ ಯಾರದಾದರೂ ಮೊಬೈಲು ಕೆಮ್ಮಿದರೂ ಆ ಪಿಸುಮಾತು ಮುಳುಗಿಹೋಗುತ್ತದೆ. ಹಾಗಾಗಿ ಬೆಟ್ಟದ ಮೇಲೆ ಮೊಬೈಲು ಇಲ್ಲ, ವೈಫೈ ಇಲ್ಲ. ಕಚೇರಿಯಲ್ಲಿ ತಂತಿಯ ಫೋನು ಒಂದಿದೆ, ಅದರಿಂದ ನಿನಗೇನೂ ಉಪಯೋಗವಿಲ್ಲ. ಉಳಿದದ್ದು ಅಂಚೆ ವ್ಯಾನು. ನನಗೇನೋ ಇದೇ ಹಿತವಾಗಿದೆ.

ಈಗ ನಿನ್ನ ರೂಟರಿಗೆ ಬರುತ್ತೇನೆ. ಜೇಡ ಬೇಡ. ಕೊಂಬು ಹೆಚ್ಚಿದ್ದ ಮಾತ್ರಕ್ಕೆ ಗೋಡೆ ತೆಳ್ಳಗಾಗುವುದಿಲ್ಲ. ರೂಟರು ಎರಡು ಬಗೆಯ ಅಲೆಗಳನ್ನು ಬಿಡುತ್ತದೆ. ಒಂದು ನಿಧಾನದ್ದು, ಗೋಡೆಗಳನ್ನು ತಳ್ಳಿಕೊಂಡು ದೂರ ಹೋಗುತ್ತದೆ. ಇನ್ನೊಂದು ವೇಗದ್ದು, ಆದರೆ ಗೋಡೆ ಕಂಡರೆ ಅಲ್ಲೇ ಕೂತುಬಿಡುತ್ತದೆ. ನಿಮ್ಮ ಪಡಸಾಲೆಗೂ ಅಡುಗೆಮನೆಗೂ ನಡುವೆ ಇರುವುದು ಹಳೇ ಕಲ್ಲಿನ ಗೋಡೆ ಅಲ್ಲವೇ? ನಿನ್ನ ಅಂಗಡಿಗಾದರೆ ಸುತ್ತಲೂ ತಗಡು. ತಗಡೆಂದರೆ ಅಲೆಗಳಿಗೆ ಕನ್ನಡಿ ಇದ್ದಂತೆ, ಬಂದದ್ದನ್ನು ಹಾಗೇ ವಾಪಸ್ ಕಳಿಸುತ್ತದೆ. ಎಷ್ಟು ದುಬಾರಿಯದನ್ನು ತಂದರೂ ಒಂದೇ ಡಬ್ಬಿಯಿಂದ ಅಲ್ಲಿಗೆ ತಲುಪಿಸುವುದು ಕಷ್ಟ.

ತೀರ್ಮಾನ ಹೇಳುವ ಮೊದಲು ಕೆಲವು ವಿಷಯ ಗೊತ್ತಾಗಬೇಕು. ಯಾವ ಯಂತ್ರ ಯಾವ ಕೋಣೆಯಲ್ಲಿದೆ? ಅಂಗಳದ ಆಚೆಗೆ ತಂತಿ ಎಳೆಯಲು ದಾರಿಯಿದೆಯೇ? ಭಾವ ಬರೆದದ್ದು ಫೋನಿಗೆ ಬರಲು ಎಷ್ಟು ತಡವಾಗುತ್ತದೆ, ಮೇಷ್ಟ್ರ ಪಾಠ ಇರುವಾಗಲೇ ತಡವೋ, ಯಾವಾಗಲೂ ತಡವೋ? ಭಾವನ ಹಾಸಿಗೆ ಯಾವ ಕೋಣೆಯಲ್ಲಿ? ನಾನು ಕೊನೆಯ ಸಲ ಬಂದಾಗ ಅವರ ಹಾಸಿಗೆ ಮಹಡಿಯ ಮೇಲೆ, ಮೇಷ್ಟ್ರ ಪಕ್ಕದ ಕೋಣೆಯಲ್ಲಿತ್ತು, ಮೆಟ್ಟಿಲು ಹತ್ತುವಾಗ ಕಟಕಟೆ ಹಿಡಿದುಕೊಳ್ಳುತ್ತಿದ್ದರು. ಊರುಗೋಲು ಹಿಡಿದೇ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು ಕೂಡ.

ಅವರು ಕೈಯಿಂದ ಬರೆಯುವುದನ್ನು ಪೂರ್ತಿ ಬಿಟ್ಟಿದ್ದಾರೆಯೇ? ರೂಟರಿಗೆ ಸಂಬಂಧಪಟ್ಟದ್ದಲ್ಲ. ಸುಮ್ಮನೆ ಕೇಳಿದೆ.

ಇತಿ,
ತಮ್ಮ


ಜುಲೈ ೧

ತಮ್ಮಾ,

ಕೇಳಿದ್ದಕ್ಕೆಲ್ಲ ಉತ್ತರ. ಮಹಡಿ ಮೇಲೆ ಮೇಷ್ಟ್ರು ಮತ್ತು ಅವರ ಕಂಪ್ಯೂಟರು. ಅಡುಗೆಮನೆಯಲ್ಲಿ ಏನೂ ಇಲ್ಲ, ನಾನಿರುತ್ತೇನೆ. ಅಂಗಡಿಯಲ್ಲಿ ಬಿಲ್ಲು ಯಂತ್ರ, ಅಲ್ಲೂ ನಾನೇ. ಬೀದಿ ಬಾಗಿಲ ಮೇಲೆ ಕ್ಯಾಮರಾ. ಮುಂದಿನ ಕೋಣೆಯಲ್ಲಿ ಕಣ್ಣಿನ ಯಂತ್ರ, ಅವರ ಹಾಸಿಗೆ ಮತ್ತು ಹೊಸದಾಗಿ ಬಂದಿರುವ ಉಸಿರಾಟದ ಯಂತ್ರ. ಅದು ಮಲಗುವಾಗ ಮೂಗಿಗೆ ಹಾಕುವಂಥದ್ದು. ಈಗೀಗ ಹಗಲಲ್ಲೂ ಒಂದಿಷ್ಟು ಹೊತ್ತು ಹಾಕುತ್ತೇವೆ. ಅದಕ್ಕೆ ತೊಂದರೆಯಾದರೆ ಕೂಗಿಕೊಳ್ಳುತ್ತದಂತೆ. ಬಹಳ ಜೋರಂತೆ. ತಂದುಕೊಟ್ಟವರು ಇದನ್ನು ಹೇಳಿ, ಆಮೇಲೆ ನನ್ನ ಮುಖ ನೋಡಿ ಮಾತನ್ನು ಬೇರೆ ಕಡೆ ತಿರುಗಿಸಿದರು.

ತಂತಿಗೆ ದಾರಿಯಿದೆ. ಬಟ್ಟೆ ಒಣಹಾಕುವ ಕಂಬಿಯ ಪಕ್ಕದಲ್ಲೇ ಎಳೆಯಬಹುದು. ನನ್ನ ಅಳತೆ ಟೇಪಿನಿಂದ ಅಳೆದೆ. ಸೊಂಟ ಎದೆ ಅಳೆದು ಅಳೆದು ಸವೆದ ಟೇಪು ಅಂಗಳ ಅಳೆಯಲು ಒಪ್ಪಲಿಲ್ಲ, ಎರಡು ಕಡೆ ಹರಿಯಿತು. ಅಳತೆಯನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ.

ತಡದ ವಿಷಯ ಅವರೇ ಬರೆಯುತ್ತೇನೆ ಅಂದರು. ಇದರ ಜೊತೆ ಇಟ್ಟಿದ್ದೇನೆ. ಅವರು ಬರೆದದ್ದನ್ನು ಮೇಷ್ಟ್ರ ಮುದ್ರಣ ಯಂತ್ರದಲ್ಲಿ ಕಾಗದಕ್ಕೆ ಇಳಿಸಿಕೊಂಡೆವು. ಓದುವಾಗ ಒಂದು ವಿಷಯ ಗಮನಿಸು. ಆ ಯಂತ್ರದಲ್ಲಿ ಒತ್ತಕ್ಷರ ಹಾಕಲು ಇನ್ನೊಂದು ಕಡೆ ನೋಡಿ ಮತ್ತೆ ತಿರುಗಬೇಕು, ಕಣ್ಣು ಸೋಲುತ್ತದೆ. ಅದಕ್ಕೆ ಅವರೀಗ ಒತ್ತಕ್ಷರ ಇಲ್ಲದ ಮಾತುಗಳನ್ನೇ ಹುಡುಕಿ ಹುಡುಕಿ ಆಡುತ್ತಾರೆ. ಈ ಊರಿನ ಅರ್ಧ ಅಂಗಡಿಗಳ ಬೋರ್ಡಿನಲ್ಲಿ ಒತ್ತಕ್ಷರಕ್ಕೆ ಬಳ್ಳಿಯ ಹಾಗೆ ಬಾಲ ಎಳೆದವರು. ನನ್ನನ್ನು ‘ಏನಮ್ಮ’ ಎಂದು ಕರೆಯುತ್ತಿದ್ದರು ನೋಡು, ಅದೂ ಹೋಯಿತು. ಈಗ ‘ಏನೇ’.

ಕಾಲಿಗೆ ಬಂದ ನರದ ಕಾಯಿಲೆ ಕೈಗೂ ಏರಿ, ಕೈಯಿಂದ ಬರೆಯುವುದು ಫೆಬ್ರವರಿಯಲ್ಲೇ ನಿಂತಿತು. ನಿನಗೆ ಬರೆಯಬೇಕೆಂದಿದ್ದೆ.

ನಿನ್ನ,
ಅಕ್ಕ


ಸಾಹೇಬರೇ,

ಇದು ಭಾವನ ಕಾಗದ. ನೋಟದಿಂದಲೇ ಬರೆದೆ. ಬಾಲ ಇರುವ ಮಾತುಗಳ ಸಹವಾಸ ಈಗ ದುಬಾರಿ. ಹಾಗಾಗಿ ನಿಮಗೆ ಸಿಗುವುದು ಬೋಳು ಬೋಳು ಮಾತು.

ನೀರು ಬೇಕು, ನೋವಿದೆ, ಮಗುಲು ಬದಲಿಸು. ಇವು ತಡವಾದರೂ ಸರಿ. ನೀರು ತಡವಾಗಿ ಬಂದರೂ ನೀರೇ. ತಮಾಷೆಯ ಗತಿ ಬೇರೆ. ಸೋಮವಾರ ಅವಳು ಯಾರದೋ ಕೋಟು ಹಾಕಿಕೊಂಡು ನನಗೆ ತೋರಿಸಲು ಎದುರಿಗೆ ನಿಂತಳು. ತೋಳು ಬೆರಳು ದಾಟಿ ನೇತಾಡಿತು. ಕೋಟಿನ ಒಳಗೆ ಯಾರು, ಎಂದು ಬರೆದೆ. ಅದು ಅವಳ ಫೋನಿಗೆ ಬರುವಾಗ ಅವಳು ಕೋಟು ತೆಗೆದು, ಮಡಿಸಿ, ಅಡುಗೆಮನೆ ಸೇರಿದಳು. ಓದಿ ಓಡಿ ಬಂದಳು. ಯಾವ ಕೋಟು, ಯಾರು ಬಂದರು, ಎಂದು ಕೇಳಿದಳು. ವಿವರಿಸಲು ಹೋದೆ. ವಿವರಿಸುವುದರೊಳಗೆ ತಮಾಷೆ ಆರಿಹೋಯಿತು.

ಮಹಡಿಯವರ ಪಾಠ ಇರುವಾಗ ತಡ ಬಹಳ.

ದುಬಾರಿಯದು ಬೇಡ. ಬಿಸಿ ಆರುವ ಮೊದಲೇ ಅವಳು ನಗಬೇಕು. ಅಂಥ ರೂಟರು ಹುಡುಕಿ ಕೊಡಿ. ಬಾಕಿಯದು ಹೇಗೋ ನಡೆದೀತು.

ಭಾವ


ಜುಲೈ ೧೦

ಅಕ್ಕಾ,

ಭಾವನ ಕಾಗದ ಓದಿದೆ. ಹಲವು ಸಲ ಓದಿದೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯ ಎಂಜಿನಿಯರಮ್ಮನಿಗೂ ತೋರಿಸಿದೆ. ಅವರು ಓದಿ, ಕನ್ನಡಕ ಒರೆಸಿಕೊಂಡು, ‘ತಡ ಎಲ್ಲಾಗ್ತಿದೆ ಅಂತ ಇಷ್ಟು ಸರಿಯಾಗಿ ಯಾರೂ ಹೇಳಲ್ಲ’ ಅಂದರು.

ಈಗ ಕೇಳು. ಅಂಗಡಿಯವನ ಹತ್ತಿರ ಹೋಗಿ ಸಾಧಾರಣ ರೂಟರು ಕೇಳು, ಆದರೆ ಅದರಲ್ಲಿ ಮೂರು ಗುಣ ಇರಲೇಬೇಕು. ಹಿಂದೆ ತಂತಿ ಸಿಕ್ಕಿಸುವ ತೂತುಗಳು ಒಂದಕ್ಕಿಂತ ಹೆಚ್ಚಿರಬೇಕು. ಅತಿಥಿಗಳಿಗೆ ಬೇರೆಯೇ ಒಂದು ವೈಫೈ ಕೊಡಲು ಬರಬೇಕು, ಮೇಷ್ಟ್ರನ್ನು ಅದರಲ್ಲಿ ಕೂರಿಸೋಣ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಯಂತ್ರವನ್ನು ಸಾಲಿನ ಮುಂದಕ್ಕೆ ಕರೆಯುವ ಸೌಲಭ್ಯ ಇರಬೇಕು. ಬಾಗಿಲು ಒಂದೇ, ನೂಕುನುಗ್ಗಲು ಜಾಸ್ತಿ. ಮೇಷ್ಟ್ರ ಪಾಠ ಮೂಟೆ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದೆ, ಭಾವನ ಮಾತು ಬರಿಗೈಯಲ್ಲಿ ಅದರ ಹಿಂದೆ ಕಾಯುತ್ತಿದೆ. ಬರಿಗೈಯವರನ್ನು ಮೊದಲು ಬಿಡು ಎಂದು ರೂಟರಿಗೆ ಹೇಳಿಕೊಡಬೇಕು. ಇಷ್ಟಿದ್ದರೆ ಜೇಡದ ಅಗತ್ಯವಿಲ್ಲ. ಈ ಗುಣಗಳಿರುವ, ನಿನ್ನ ಕೈಗೆಟುಕುವ ಎರಡರ ಹೆಸರು ಚೀಟಿಯಲ್ಲಿ ಬರೆದಿದ್ದೇನೆ. ಯಾವುದು ಸಿಕ್ಕರೂ ಆದೀತು.

ಹಳೇ ಡಬ್ಬಿಯನ್ನು ಎಸೆಯಬೇಡ. ಹೊಸದರಿಂದ ಹಿತ್ತಲಿಗೆ ತಂತಿ ಎಳೆದು, ಅದರ ತುದಿಗೆ ಹಳೆಯದನ್ನು ಕಟ್ಟಿದರೆ ತಗಡಿನ ಒಳಗೇ ವೈಫೈ ಹುಟ್ಟುತ್ತದೆ. ಅಲೆ ಹೊರಗಿನಿಂದ ಒಳಗೆ ಬರುವ ಪ್ರಮೇಯವೇ ಇಲ್ಲ.

ಉಸಿರಾಟದ ಯಂತ್ರದ ಕೂಗನ್ನು ದೀಪ ಮಾಡಬಹುದು. ಅದು ಕೂಗಿದರೆ ಅಡುಗೆಮನೆಯಲ್ಲೂ ಅಂಗಡಿಯಲ್ಲೂ ಕೆಂಪು ದೀಪ ಮಿನುಗುವ ಹಾಗೆ. ಭಾವ ಕರೆದರೆ ಹಳದಿ. ಸಾಮಾನು ನಾನು ತರುತ್ತೇನೆ.

ಹೌದು, ತರುತ್ತೇನೆ. ತಂತಿ ಎಳೆಯಲು ಬೇರೆಯವರನ್ನು ಕರೆಯಬೇಡ. ಆಗಸ್ಟಿನಲ್ಲಿ ತಟ್ಟೆಯ ದುರಸ್ತಿಗೆಂದು ಕೆಲಸ ನಿಲ್ಲಿಸುತ್ತಾರೆ, ಆಗ ರಜೆ ಸಿಗುತ್ತದೆ.

ಭಾವನಿಗೆ ಹೇಳು, ಅವರ ಕೋಟಿನ ತಮಾಷೆಗೆ ನಾನು ಇಲ್ಲಿ ನಕ್ಕೆ. ಅಷ್ಟು ದೂರದಿಂದ ಬಂದರೂ ಆರಿರಲಿಲ್ಲ.

ಇತಿ,
ತಮ್ಮ


ಸೆಪ್ಟೆಂಬರ್ ೨

ತಮ್ಮಾ,

ನೀನು ಹೋದ ಮೇಲೆ ಮನೆ ದೊಡ್ಡದಾದ ಹಾಗಿದೆ.

ಎಲ್ಲವೂ ಕೆಲಸ ಮಾಡುತ್ತಿದೆ. ತಂತಿ ಮಳೆಯಲ್ಲಿ ನೆನೆದರೂ ಏನೂ ಆಗಲಿಲ್ಲ. ಮೇಷ್ಟ್ರು ಅತಿಥಿ ವೈಫೈಯಲ್ಲಿ ಸುಖವಾಗಿದ್ದಾರೆ, ಅವರನ್ನು ಸಾಲಿನಲ್ಲಿ ಹಿಂದಕ್ಕೆ ತಳ್ಳಿದ್ದು ಅವರಿಗೆ ಗೊತ್ತೇ ಆಗಿಲ್ಲ. ಗೊತ್ತಾಗಿಲ್ಲ ಎಂದು ಹೇಳುತ್ತಾರೆ, ಒಳ್ಳೆಯ ಮನುಷ್ಯ.

ನಿನ್ನ ಭಾವನ ಬಾಯಿಗೆ ಈಗ ತಡೆಯೇ ಇಲ್ಲ. ಅಂಗಡಿಯಲ್ಲಿ ಗಿರಾಕಿಯ ಅಳತೆ ತೆಗೆದುಕೊಳ್ಳುತ್ತಿರುವಾಗ ಕತ್ತಿಗೆ ನೇತುಹಾಕಿಕೊಂಡ ಫೋನು ನಡುಗುತ್ತದೆ. ಬಾಗಿಲ ಕ್ಯಾಮರಾ ಅವರ ಪರದೆಗೂ ಬರುವ ಹಾಗೆ ಮಾಡಿಟ್ಟು ಹೋದೆಯಲ್ಲ, ಯಾರು ಬಂದರೂ ನನಗಿಂತ ಮೊದಲು ಅವರಿಗೆ ಗೊತ್ತು. ‘ಬಂದವರ ಹೊಟೆ ಅಳೆಯಲು ಟೇಪು ಸಾಲದು’ ಎಂದು ಬರೆಯುತ್ತಾರೆ. ಹೊಟ್ಟೆಗೆ ಒತ್ತು ಇಲ್ಲ. ಆತುರದಲ್ಲಿ ಇಂಥ ತಪ್ಪುಗಳೂ ಆಗುತ್ತವೆ. ಬೋರ್ಡಿನಲ್ಲಿ ಒಂದು ಅಕ್ಷರ ತಪ್ಪಿದರೆ ಇಡೀ ಬೋರ್ಡು ಕೆರೆದು ಮತ್ತೆ ಬರೆಯುತ್ತಿದ್ದ ಮನುಷ್ಯ. ಮೊನ್ನೆ ಆ ಗಿರಾಕಿಯ ಎದುರಿಗೇ ನಾನು ನಕ್ಕುಬಿಟ್ಟೆ. ಆಕೆ ಬೇಸರ ಮಾಡಿಕೊಂಡಳೇನೋ. ಮಾಡಿಕೊಳ್ಳಲಿ.

ಇನ್ನೊಂದು ಬರೆಯಬೇಕು. ನೀನು ಬಂದ ದಿನ ಬಾಗಿಲಲ್ಲಿ ನಿಂತು ಅವರನ್ನು ನೋಡಿದೆ. ನೋಡಿದವನೇ ಚೀಲ ಬಿಚ್ಚಿ ಡ್ರಿಲ್ಲು ತೆಗೆದೆ. ನೀರು ಕೂಡ ಕುಡಿಯಲಿಲ್ಲ. ಸಂಜೆವರೆಗೂ ಗೋಡೆ ಕೊರೆದೆ. ನೀನು ಗೋಡೆಯ ಕಡೆ ಮುಖ ಮಾಡಿ ಯಾಕೆ ನಿಂತಿದ್ದೀಯ ಎಂದು ನನಗೆ ಗೊತ್ತಾಗಿತ್ತು, ಅವರಿಗೂ ಗೊತ್ತಾಗಿತ್ತು. ‘ಗೋಡೆ ಉಳಿಸು ಅಂತ ಹೇಳೇ’ ಎಂದು ನನಗೆ ಬರೆದರು. ನಾನು ನಿನಗೆ ತೋರಿಸಲಿಲ್ಲ.

ಆದರೆ ಮಾರನೆಯ ದಿನ ನೀನು ಅವರ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದೆ. ಅಡುಗೆಮನೆಯಿಂದ ನೋಡಿದೆ. ನಿನ್ನ ತುಟಿ ಆಡುತ್ತಿತ್ತು. ಓದಬಹುದಿತ್ತು, ಓದಲಿಲ್ಲ. ಬೆನ್ನು ತಿರುಗಿಸಿ ನಿಂತೆ.

ನಿನ್ನ,
ಅಕ್ಕ


ಅಕ್ಟೋಬರ್ ೧೯

ಅಕ್ಕಾ,

ಕಾಗದ ಬರೆಯುವುದು ತಡವಾಯಿತು. ಬರೆಯಲು ಕೂತಾಗಲೆಲ್ಲ ಏನಾದರೂ ಕೆಟ್ಟಿರಲಿ, ಅದನ್ನು ಸರಿಮಾಡುವ ವಿಧಾನ ಬರೆಯಬಹುದು ಎನ್ನಿಸುತ್ತದೆ. ನೀನು ಎಲ್ಲ ಚೆನ್ನಾಗಿದೆ ಎಂದುಬಿಟ್ಟಿದ್ದೀಯ.

ಅದಕ್ಕೇ ನಾನೇ ಒಂದು ಹುಡುಕಿದ್ದೇನೆ. ಕೆಂಪು ದೀಪ ಅಂಗಡಿಯಲ್ಲಿದೆ, ಅಡುಗೆಮನೆಯಲ್ಲಿದೆ. ಭಾವನ ಕೋಣೆಯಲ್ಲಿ ಇಲ್ಲ. ಆಗ ನೀನು ಅಲ್ಲಿ ಕೂರುತ್ತಿದ್ದುದು ಕಡಿಮೆ. ಈಗ ಹೇಗೋ ಗೊತ್ತಿಲ್ಲ. ಅಲ್ಲೂ ಒಂದು ಹಾಕುವುದು ಒಳ್ಳೆಯದು. ಬಲ್ಬು, ಹೋಲ್ಡರು ಎರಡನ್ನೂ ಅಂಚೆಯಲ್ಲಿ ಕಳಿಸಬಲ್ಲೆ. ಕೂರಿಸುವುದು ಕಷ್ಟವಲ್ಲ, ಮೇಷ್ಟ್ರು ಮಾಡಿಯಾರು. ಹೇಗೆಂದು ಚಿತ್ರ ಬರೆದು ಕಳಿಸುತ್ತೇನೆ.

ಹಾಸಿಗೆಯ ಪಕ್ಕದಲ್ಲಿ ಕೂತು ನಾನು ಅವರಿಗೆ ಏನು ಹೇಳಿದೆ ಎಂದು ನೀನು ಕೇಳಿಲ್ಲ. ಕೇಳಬೇಡ. ಅವರು ಉತ್ತರವಾಗಿ ಬರೆದದ್ದು ಮಾತ್ರ ಹೇಳುತ್ತೇನೆ: ‘ಅವಳ ಕಡೆ ನೋಡಿಕೋ.’

ಇತಿ,
ತಮ್ಮ


ನವೆಂಬರ್ ೨೩

ತಮ್ಮಾ,

ಹೊಲಿಗೆ ಯಂತ್ರವನ್ನು ಮುಂದಿನ ಕೋಣೆಗೆ ತಂದೆ. ಮೇಷ್ಟ್ರು ಮತ್ತು ಈ ಊರಿನಲ್ಲೇ ಇರುವ ಅವರ ಇಬ್ಬರು ಹಳೇ ಶಿಷ್ಯರು ಸೇರಿ ಎತ್ತಿ ತಂದರು. ಪಿಟೀಲು ಹಿಡಿಯುವ ಬೆರಳುಗಳು, ಪೆಟ್ಟಾದೀತೆಂದು ನನಗೆ ಭಯ. ಈಗ ಕಿಟಕಿಯ ಕೆಳಗೆ ನಾನು, ಎದುರಿಗೆ ಅವರು. ಗಿರಾಕಿಗಳು ಹಿತ್ತಲಿಗೆ ಹೋಗದೆ ಇಲ್ಲಿಗೇ ಬರುತ್ತಾರೆ. ನೀನು ಅಷ್ಟು ಕಷ್ಟಪಟ್ಟು ಎಳೆದ ತಂತಿಯ ತುದಿಯಲ್ಲಿ ಈಗ ಖಾಲಿ ಅಂಗಡಿ ಇದೆ. ನೊಂದುಕೊಳ್ಳಬೇಡ. ಬಿಲ್ಲು ಯಂತ್ರ ಅಲ್ಲೇ ಇದೆ, ನಾನೇ ಹೋಗುವುದು ಕಡಿಮೆ.

ಮಾತು ಕಡಿಮೆಯಾಗಿದೆ. ರೂಟರಿನ ತಪ್ಪಲ್ಲ. ಕಣ್ಣು ಅಕ್ಷರದ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ಬೆಳಿಗ್ಗೆ ಒಂದಿಷ್ಟು ಬರೆಯುತ್ತಾರೆ, ಆಮೇಲೆ ಯಂತ್ರವೇ ಅವರನ್ನು ಗುರುತಿಸುವುದಿಲ್ಲ. ಡಾಕ್ಟರು ಪರದೆಯಲ್ಲಿ ಬಂದು ನೋಡಿ ತುಂಬಾ ನಿಧಾನವಾಗಿ ಮಾತಾಡಿದರು, ನನಗೆ ತುಟಿ ಓದಲು ಸುಲಭವಾಗಲಿ ಎಂದು. ಒಂದೊಂದು ಮಾತೂ ಸ್ಪಷ್ಟವಾಗಿ ಕಂಡಿತು. ಆ ದಿನ ಅವರು ಬೇಗ ಬೇಗ ಮಾತಾಡಿದ್ದರೆ ಚೆನ್ನಾಗಿತ್ತು.

ಪಿಟೀಲಿನ ಸದ್ದು ಕೆಳಗೆ ಕೇಳಿಸದಿರಲಿ ಎಂದು ಮೇಷ್ಟ್ರು ನೆಲಕ್ಕೆ ಕಂಬಳಿ ಹಾಸಿದ್ದರು. ಇವರಿಗೆ ಅದು ಹೇಗೋ ತಿಳಿದು, ತೆಗೆಯಲು ಹೇಳಿಸಿದರು. ಈಗ ಪಾಠ ನಡೆಯುವಾಗ ನನಗೆ ಸುದ್ದಿ ಕೊಡುತ್ತಾರೆ. ‘ಇವನು ಕಲಿತಾನು.’ ‘ಇವಳ ಪಿಟೀಲಿಗೆ ಬಾಗಿಲ ಕೀಲಿನ ದನಿ.’ ನಾನು ನಮ್ಮ ಮದುವೆಯಾದಾಗಿನಿಂದ ಏನೇನು ಕೇಳಿಸಿಕೊಂಡಿಲ್ಲವೋ ಅದನ್ನೆಲ್ಲ ಈಗ ಇವರು ಬರೆದು ತೋರಿಸಲು ಹೊರಟಿದ್ದಾರೆ. ಕಂಬಳಿ ತೆಗೆದ ಮೇಲೆ ನೆಲವೂ ಒಂದಿಷ್ಟು ನಡುಗುತ್ತದೆ, ಅಂಗಾಲಿಗೆ ಗೊತ್ತಾಗುತ್ತದೆ.

ದೀಪದ ವಿಷಯ ಅವರಿಗೆ ಹೇಳಿದೆ. ಬೇಡ ಎಂದರು. ‘ನೀನು ಇರುವಾಗ ದೀಪ ಯಾಕೆ’ ಎಂದು ಬರೆದರು. ಅಷ್ಟನ್ನು ಬರೆಯಲು ಎಷ್ಟು ಹೊತ್ತು ಹಿಡಿಯಿತು ನಿನಗೆ ಗೊತ್ತಿಲ್ಲ. ಆಮೇಲೆ ನಾನು ಮತ್ತೆ ಕೇಳಲಿಲ್ಲ. ಅಂಚೆಯಲ್ಲಿ ಕಳಿಸಬೇಡ.

ಚಳಿ ಜಾಸ್ತಿಯಾಗಿದೆ. ನಿನಗೊಂದು ಕೋಟು ಹೊಲಿಯುತ್ತಿದ್ದೇನೆ. ತೋಳು ಸರಿಯಾಗಿದೆಯೇ ಎಂದು ಅವರನ್ನು ಕೇಳಿ ಕೇಳಿ ಕತ್ತರಿಸಿದೆ.

ನಿನ್ನ,
ಅಕ್ಕ


ಜನವರಿ ೨೪

ಅಕ್ಕಾ,

ಮೇಷ್ಟ್ರು ಕಚೇರಿಯ ಫೋನಿಗೆ ಕರೆ ಮಾಡಿದಾಗ ನಾನು ತಟ್ಟೆಯ ಮೇಲೆ ಹತ್ತಿದ್ದೆ. ಎಂಜಿನಿಯರಮ್ಮ ಕೆಳಗಿನಿಂದ ಕೈಬೀಸಿ ಕರೆದರು. ಅವರು ಕೈ ಬೀಸಿದ ರೀತಿಯಲ್ಲೇ ತಿಳಿಯಿತು.

ಅಂದೇ ಹೊರಟೆ. ಬೆಟ್ಟ ಕುಸಿದು ರಸ್ತೆ ಎರಡು ಕಡೆ ಮುಚ್ಚಿತ್ತು. ನಡೆದು ಇಳಿಯುತ್ತೇನೆ ಎಂದು ಹೊರಟವನನ್ನು ಕೆಲಸದವರು ಹಿಡಿದು ಹಿಂದಕ್ಕೆ ಕರೆತಂದರು. ರಸ್ತೆ ಇನ್ನೂ ತೆರೆದಿಲ್ಲ. ಅಂಚೆಯನ್ನು ಮಾತ್ರ ಆಚೆ ಕಡೆಗೆ ಕೈಯಿಂದ ಕೈಗೆ ದಾಟಿಸುತ್ತಾರಂತೆ. ನನಗಿಂತ ಮೊದಲು ಈ ಕಾಗದ ಬರುತ್ತದೆ.

ಮೇಷ್ಟ್ರು ಫೋನಿನಲ್ಲಿ ಎಲ್ಲ ಹೇಳಿದರು. ಯಂತ್ರ ಕೂಗಿಕೊಳ್ಳುತ್ತಿತ್ತಂತೆ. ಅವರಿಗೆ ಮಹಡಿಯ ಮೇಲೆ ಕೇಳಿಸಿತಂತೆ. ಇಳಿದು ಬರುವಾಗ ಅಡುಗೆಮನೆಯಲ್ಲಿ ಕೆಂಪು ದೀಪ ಮಿನುಗುತ್ತಿತ್ತಂತೆ. ಅಂಗಡಿಯಲ್ಲೂ ಮಿನುಗುತ್ತಿತ್ತು. ನಿನ್ನ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿತ್ತಂತೆ. ನಾನು ಮಾಡಿದ್ದೆಲ್ಲ ನಾನು ಹೇಳಿದ ಹಾಗೇ ಕೆಲಸ ಮಾಡಿತು ಅಕ್ಕಾ. ಮನೆ ತುಂಬ ಸುದ್ದಿ ಹೋಯಿತು. ನೀನಿದ್ದ ಕೋಣೆಗೆ ಮಾತ್ರ ಹೋಗಲಿಲ್ಲ.

ಬೇಡ ಎಂದರೂ ಆ ದೀಪ ಕಳಿಸಬೇಕಿತ್ತು. ಪೊಟ್ಟಣ ಕಟ್ಟಿಟ್ಟಿದ್ದೆ, ನನ್ನ ಮೇಜಿನ ಕೆಳಗೇ ಇದೆ.

ನೀನು ಏನಾದರೂ ಬರೆ. ಬೈದು ಬರೆದರೂ ಸರಿ.

ತಮ್ಮ


ಫೆಬ್ರವರಿ ೧೧

ತಮ್ಮಾ,

ಬರೆಯಲು ಕೈ ಬರಲಿಲ್ಲ, ಅದಕ್ಕೆ ತಡ. ಮೇಷ್ಟ್ರು ಹೇಳಿದ್ದು ಅವರಿಗೆ ಕಂಡಷ್ಟು. ಅವರು ಬರುವ ಮೊದಲಿನದ್ದು ನನ್ನೊಬ್ಬಳಿಗೆ ಗೊತ್ತು. ಅದನ್ನು ನಿನಗೆ ಹೇಳುತ್ತೇನೆ.

ಆ ದಿನ ಬೆಳಿಗ್ಗೆ ಅವರು ಏನನ್ನೂ ಬರೆಯಲಿಲ್ಲ. ಪರದೆಯನ್ನು ಮುಖದ ಮುಂದೆ ಹಿಡಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪಕ್ಕಕ್ಕೆ ಸರಿಸಿದರೆ ತೆರೆಯುತ್ತಿದ್ದರು. ಎರಡು ಮೂರು ಸಲ ಹಾಗಾದ ಮೇಲೆ ನನಗೆ ಅರ್ಥವಾಯಿತು, ಯಂತ್ರವನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ. ಅದು ಬಂದಾಗಿನಿಂದ ನಮ್ಮಿಬ್ಬರ ನಡುವೆ ಅದರ ಬೆನ್ನು ಇತ್ತು. ಇಷ್ಟು ತಿಂಗಳ ಮೇಲೆ ಅವರ ಮುಖ ಪೂರ್ತಿಯಾಗಿ ಕಂಡಿತು. ಎಷ್ಟು ಸಣ್ಣಗಾಗಿದೆ ಎಂದುಕೊಂಡೆ.

ಬಿಸಿಲು ಚೆನ್ನಾಗಿತ್ತು. ಮಧ್ಯಾಹ್ನ ಕುರ್ಚಿಯನ್ನು ಹಾಸಿಗೆಗೆ ತಾಗಿಸಿ ಹಾಕಿಕೊಂಡು ನಿನ್ನ ಕೋಟಿಗೆ ಗುಂಡಿ ಹೊಲಿಯುತ್ತಿದ್ದೆ. ಅವರ ಕೈಯನ್ನು ನನ್ನ ಮಂಡಿಯ ಮೇಲೆ ಇಟ್ಟುಕೊಂಡಿದ್ದೆ. ನನ್ನನ್ನು ನೋಡುತ್ತಿದ್ದರು, ಸೂಜಿ ಮೇಲೆ ಕೆಳಗೆ ಹೋಗುವುದನ್ನು ನೋಡುತ್ತಿದ್ದರು. ನಾನು ಏನೇನೋ ಮಾತಾಡಿದೆ. ನೀನು ಚಿಕ್ಕವನಿದ್ದಾಗ ಅಪ್ಪನ ರೇಡಿಯೋ ಬಿಚ್ಚಿಟ್ಟು ಕೂಡಿಸಲಾಗದೆ ಅತ್ತದ್ದು ಹೇಳಿದೆ. ನನ್ನ ದನಿ ಹೇಗಿರುತ್ತದೋ ನನಗೆ ಗೊತ್ತಿಲ್ಲ, ಅವರಿಗೆ ಗೊತ್ತಿತ್ತು. ಆಮೇಲೆ ಅವರು ಕಣ್ಣು ಮುಚ್ಚಿದರು. ದಿನವೂ ಆ ಹೊತ್ತಿಗೆ ಉಸಿರಾಟದ ಯಂತ್ರ ಹಾಕಿಕೊಂಡೇ ಒಂದು ನಿದ್ದೆ ಮಾಡುತ್ತಿದ್ದರು. ನಾನು ಮಾತು ನಿಲ್ಲಿಸಿ ಹೊಲಿಯುತ್ತಾ ಕೂತೆ.

ಇದ್ದಕ್ಕಿದ್ದಂತೆ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಕಮಾನು. ಅವರ ತುಟಿ ನೋಡಿದೆ. ‘ಸದ್ದು’ ಎನ್ನುತ್ತಿದ್ದರು. ‘ಸದ್ದು, ಅಮ್ಮಾ, ಸದ್ದು.’ ನನ್ನ ಮಂಡಿಯ ಮೇಲಿದ್ದ ಕೈ ಇನ್ನೂ ಬೆಚ್ಚಗಿತ್ತು.

ಡಾಕ್ಟರು ಬಂದರು. ಮೊದಲೇ ಗೊತ್ತಾಗಿದ್ದರೂ ಮಾಡುವಂಥದ್ದು ಏನೂ ಇರಲಿಲ್ಲ ಎಂದರು. ನಿಜವಾಗಿ ಹೇಳಿದರೋ, ಸಮಾಧಾನಕ್ಕೆ ಹೇಳಿದರೋ, ನಾನು ಕೇಳಲಿಲ್ಲ.

ಕೆಲವು ದಿನ ನನಗೂ ಸಿಟ್ಟು ಬರುತ್ತದೆ. ನಿನ್ನ ಮೇಲೆ, ನನ್ನ ಕಿವಿಯ ಮೇಲೆ, ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು ಬಂದ ನನ್ನ ಮೇಲೆ. ದೀಪ ಬೇಡ ಎಂದ ಅವರ ಮೇಲಂತೂ ಬಹಳ. ಹೀಗಾಗಲಿ ಎಂದೇ ಹಾಗೆಂದರೋ, ಬರಿಯ ಪ್ರೀತಿಗೆ ಅಂದರೋ. ಆಗಲೇ ಕೇಳಬೇಕಿತ್ತು. ಇನ್ನು ಕೇಳಿ ತಿಳಿಯುವಂತಿಲ್ಲ.

ಆದರೆ ಒಂದು ಮಾತು, ತಮ್ಮಾ. ಆ ಕೋಣೆಯಲ್ಲಿ ದೀಪ ಇದ್ದಿದ್ದರೆ ನಾನು ಅವರ ಕೈ ಕೆಳಗೆ ಹಾಕಿ ಎದ್ದು ಓಡುತ್ತಿದ್ದೆ. ಫೋನಿಗೆ, ಬೀದಿಗೆ, ಮಹಡಿಗೆ. ಅವರು ಕಣ್ಣು ತೆರೆದಿದ್ದರೆ ಖಾಲಿ ಕುರ್ಚಿ ಕಾಣುತ್ತಿತ್ತು. ನಾನು ಓಡಲಿಲ್ಲ. ಏನೂ ತಿಳಿಯದೆ ಪಕ್ಕದಲ್ಲೇ ಕೂತಿದ್ದೆ. ಇದನ್ನು ನಿನ್ನ ಸಮಾಧಾನಕ್ಕೆಂದು ಬರೆಯುತ್ತಿಲ್ಲ. ಒಬ್ಬಳೇ ಕೂತಾಗ ಇದನ್ನೇ ಹಿಡಿದುಕೊಂಡು ಕೂರುತ್ತೇನೆ, ಅದಕ್ಕೆ ಬರೆದೆ. ನೀನೂ ಒಂದು ತುದಿ ಹಿಡಿದುಕೋ.

ಕಣ್ಣಿನ ಯಂತ್ರವನ್ನು ಆಸ್ಪತ್ರೆಯವರು ತೆಗೆದುಕೊಂಡು ಹೋದರು. ಹೊಲಿಗೆ ಯಂತ್ರ ಹಿತ್ತಲಿಗೆ ಹೋಗಬೇಕು, ಮೇಷ್ಟ್ರಿಗೆ ಹೇಳಿದ್ದೇನೆ. ಅವರು ಇನ್ನೂ ಪಾಠ ಶುರು ಮಾಡಿಲ್ಲ. ಮಾಡಿ ಎಂದು ನಾನೇ ಹತ್ತಿ ಹೋಗಿ ಹೇಳಿ ಬಂದೆ, ತಲೆಯಾಡಿಸಿದರು.

ರಸ್ತೆ ಯಾವಾಗ ತೆರೆಯುತ್ತದೋ. ಇಷ್ಟು ದಿನ ನಾನು ಬಾ ಎಂದು ಬರೆಯಲಿಲ್ಲ, ಬರಲೇ ಎಂದು ನೀನೂ ಕೇಳಲಿಲ್ಲ. ತಂತಿಯ ನೆಪ ಸಿಕ್ಕಾಗ ಬಂದೆ. ಈಗ ಮನೆಯಲ್ಲಿ ಕೆಟ್ಟಿರುವುದು ಏನೂ ಇಲ್ಲ, ರಿಪೇರಿ ಮಾಡಲು ಏನೂ ಇಲ್ಲ. ಡ್ರಿಲ್ಲು ಅಲ್ಲೇ ಬಿಟ್ಟು ಬಾ.

ನಿನ್ನ,
ಅಕ್ಕ